ಕೊನೆಯ ಆಸನಕ್ಕೆ ಯಾರೂ ನಿಲ್ಲುತ್ತಿರಲಿಲ್ಲ

ಅಂಗಡಿಯವನು ಒಂಬೈನೂರು ಹೇಳಿದ ಜಮಖಾನವನ್ನು ನಾನು ಆರುನೂರಕ್ಕೆ ತಂದೆ. ಇನ್ನೂ ಐವತ್ತು ಇಳಿಸಬಹುದಿತ್ತು, ಇಳಿಸಲಿಲ್ಲ. ಅವನು ಅದನ್ನು ಬಿಡಿಸಿ ನೆಲಕ್ಕೆ ಹಾಸಿದಾಗ ಹೊಸ ಹತ್ತಿಯ ಗಂಜಿ ವಾಸನೆ ಎದ್ದಿತು, ನನಗೆ ಬಾಯಿ ಕಟ್ಟಿಹೋಯಿತು. ಚೌಕಾಸಿಗೆ ನಿಂತವರ ಬಾಯಿ ಕಟ್ಟಿದರೆ ಐವತ್ತು ರೂಪಾಯಿ ಹೋದ ಹಾಗೆ. ಹೋಗಲಿ ಬಿಡಿ. ಆ ವಾಸನೆ ನನ್ನನ್ನು ರಾಯದುರ್ಗದ ಹಳೆಯ ಶಾಲೆಯೊಂದರ ಜಗಲಿಗೆ ಕರೆದುಕೊಂಡು ಹೋಗಿತ್ತು...

ಆ ಜಗಲಿಯಲ್ಲಿ ಡ್ರಿಲ್ ಮೇಷ್ಟ್ರು ಬೆಳಗಿನ ಹೊತ್ತು ಯೋಗ ಹೇಳಿಕೊಡುತ್ತಿದ್ದರು. ಯುಗಾದಿಯ ಹಿಂದೆಮುಂದೆ ಹೊಸ ಜಮಖಾನ ಹಾಸುವುದು ಅವರ ಪದ್ಧತಿ. ಹಾಸಿದ ಕೆಲವೇ ದಿನಗಳಲ್ಲಿ ಅದರ ತುಂಬ ನೀಲಿ ಅಂಗೈಗಳು ಮೂಡುತ್ತಿದ್ದವು. ಅಲ್ಲಿಗೆ ಬರುತ್ತಿದ್ದವರೆಲ್ಲ ನಮ್ಮಂಥವರೇ, ಜೀನ್ಸ್ ಹೊಲಿಯುವವರು. ಒಗೆಯದ ಜೀನ್ಸ್ ಬಟ್ಟೆ ಕೈಗೆ ಬಣ್ಣ ಬಿಡುತ್ತದೆ. ಎಷ್ಟು ತಿಕ್ಕಿದರೂ ಅದು ಅಂಗೈ ಗೆರೆಗಳಿಂದ ಹೋಗುತ್ತಿರಲಿಲ್ಲ.

ನಾನು ಹುಟ್ಟಿದ್ದು ಮಡಕಶಿರದ ಕಡೆ, ಅಮರಾಪುರದ ಹತ್ತಿರದ ಹಳ್ಳಿಯಲ್ಲಿ. ನಮ್ಮೂರ ಹುಡುಗಿಯರು ಬೆಂಗಳೂರಿನ ಗಾರ್ಮೆಂಟಿಗೆ ಬಸ್ಸು ಹತ್ತುತ್ತಿದ್ದ ಕಾಲದಲ್ಲಿ ನಾನು ಮದುವೆಯಾಗಿ ರಾಯದುರ್ಗಕ್ಕೆ ಬಂದೆ. ಇಲ್ಲಿ ಗಾರ್ಮೆಂಟೇ ಮನೆ ಬಾಗಿಲಿಗೆ ಬಂದು ಕೂತಿತ್ತು. ಬೀದಿಗೆ ನಾಲ್ಕು ಮನೆಯಲ್ಲಿ ಮೆಷಿನ್ನು. ಒಂದು ಪ್ಯಾಂಟನ್ನು ಒಬ್ಬರೇ ಹೊಲಿಯುವುದಿಲ್ಲ. ಜೇಬಿನವರು ಜೇಬು, ಜಿಪ್ಪಿನವರು ಜಿಪ್ಪು, ಸೊಂಟದ ಪಟ್ಟಿಗೆ ಬೆಲ್ಟ್ ಅಂತೀವಿ, ಅದನ್ನು ಕೂರಿಸುವವರು ಅದನ್ನೇ. ನಾನು ಜಿಪ್ಪಿನಿಂದ ಶುರು ಮಾಡಿ, ಬೆಲ್ಟು ಕಲಿತು, ಒಂದು ಹಳೆಯ ಮೆಷಿನ್ ಕೊಂಡು, ಆಮೇಲೆ ವ್ಯಾಪಾರಿಯಿಂದ ನೇರವಾಗಿ ಹೊಲಿಗೆಗೆ ಕತ್ತರಿಸಿದ ಮಾಲು ತಂದು ನಾಲ್ಕು ಜನಕ್ಕೆ ಕೆಲಸ ಕೊಡುವಷ್ಟಾದೆ. ಯಾರೂ ಕೈ ಹಿಡಿದು ಮೇಲೆತ್ತಲಿಲ್ಲ. ಆ ಹೊತ್ತಿಗೆ ಸೊಂಟ ಹಿಡಿಯಿತು. ಕೂತರೆ ಏಳಲಾಗದು, ಎದ್ದರೆ ಕೂರಲಾಗದು.

ನಮ್ಮಲ್ಲಿ ಬೆಲ್ಟ್ ಕೂರಿಸುತ್ತಿದ್ದ ಡಿ. ಹಿರೇಹಾಳ್ ಕಡೆಯ ಅಕ್ಕ ಒಬ್ಬಳಿದ್ದಳು. ಅವಳೇ ನನ್ನನ್ನು ಜಗಲಿಗೆ ಎಳೆದುಕೊಂಡು ಹೋದಳು. ಮೇಷ್ಟ್ರು ಅದೇ ಶಾಲೆಯಲ್ಲಿ ಮಕ್ಕಳಿಗೆ ಡ್ರಿಲ್ ಮಾಡಿಸಿ ನಿವೃತ್ತರಾದವರು. ಸಣ್ಣ ಆಳು, ನೆಟ್ಟಗಿನ ಬೆನ್ನು, ಬಿಳಿ ಬನಿಯನ್ನು. ಊರು ಆಂಧ್ರದ ಗಡಿಯದು, ಎಣಿಸುವುದು ತೆಲುಗಿನಲ್ಲಿ, ಬೈಯುವುದು ಬಳ್ಳಾರಿ ಕಡೆಯ ಕನ್ನಡದಲ್ಲಿ. ನಾನು ನಡೆದು ಬರುವುದನ್ನು ನೋಡಿಯೇ ಕೇಳಿದರು:

"ಯಾವ ಕಾಲಿಲೆ ಮಿಷಿನ್ ತುಳೀತಿಯವ್ವಾ?"

"ಬಲಗಾಲಲ್ಲಿ ಮೇಷ್ಟ್ರೇ."

"ಎಡಗಾಲು ಏನ್ ಮಾಡ್ತೈತಿ?"

"ಅದು ಸುಮ್ಕೆ ಇರ್ತೈತೆ."

"ಸುಮ್ನ ಇರಂಗಿಲ್ಲವ್ವಾ. ಬಲಗಾಲ ಮ್ಯಾಲ ಹೊಟ್ಟಿಕಿಚ್ಚು ಪಡ್ತಿರ್ತೈತಿ. ಬಾ, ಎರಡೂ ಕಾಲಿನ ಮ್ಯಾಲ ನಿಂದ್ರು."

ಎರಡೂ ಕಾಲಿನ ಮೇಲೆ ಸಮವಾಗಿ ನಿಲ್ಲುವುದು ಅಷ್ಟು ಕಷ್ಟ ಎಂದು ನನಗೆ ಅವತ್ತು ಗೊತ್ತಾಯಿತು. ಮಳೆಗಾಲ ಮುಗಿಯುವಷ್ಟರಲ್ಲಿ ಹಿಡಿದಿದ್ದ ಸೊಂಟ ಸಡಿಲವಾಯಿತು. ನೋವು ಹೋದ ಮೇಲೂ ನಾನು ಹೋಗುವುದು ಬಿಡಲಿಲ್ಲ, ಯಾಕೆಂದು ಆಗ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಅವರು ಫೀ ಕೇಳುತ್ತಿರಲಿಲ್ಲ. ಜನ ಹೊಸ ಕಡಲೇಕಾಯಿ, ರಾಗಿ ತಂದುಕೊಡುತ್ತಿದ್ದರು. ನಾನು ಎರಡು ಪ್ಯಾಂಟು ಹೊಲಿದುಕೊಟ್ಟೆ. ಅವರು ಹಾಕಿಕೊಂಡು ಬಂದ ದಿನ ಬೆಲ್ಟಿನ ಅಕ್ಕ, "ಮೇಷ್ಟ್ರ, ಇನ್ನ ಕಾಲೇಜಿಗೆ ಹೋಗಬೌದ್ರಿ" ಎಂದಳು. ಅವರು ನಾಚಿಕೊಂಡು ನಮಗೆ ಇನ್ನೊಂದು ಸುತ್ತು ಸೂರ್ಯನಮಸ್ಕಾರ ಹಾಕಿಸಿದರು.

ಆ ಜಗಲಿಯಲ್ಲಿ ಒಂದೇ ಒಂದು ವಿಷಯ ಸರಿಹೋಗುತ್ತಿರಲಿಲ್ಲ. ಎಲ್ಲ ಆಸನ ಮುಗಿದ ಮೇಲೆ ಅಂಗಾತ ಮಲಗಿ ಮೈ ಸಡಿಲ ಬಿಡಬೇಕು, ಶವಾಸನ. ಅದಕ್ಕೆ ಯಾರೂ ನಿಲ್ಲುತ್ತಿರಲಿಲ್ಲ. ಹೊಲಿದ ಪೀಸಿನ ಲೆಕ್ಕದಲ್ಲಿ ಕೂಲಿ ಪಡೆಯುವವರಿಗೆ ಸುಮ್ಮನೆ ಮಲಗಿದ ಹೊತ್ತೆಲ್ಲ ಕೈಬಿಟ್ಟ ಪೀಸು. ಮೇಷ್ಟ್ರು "ಮಲಗ್ರಿ" ಎನ್ನುತ್ತಿದ್ದಂತೆ ನಾವು ಚಪ್ಪಲಿ ಹುಡುಕುತ್ತಿದ್ದೆವು. ಅವರು ತಡೆಯುತ್ತಿರಲಿಲ್ಲ. ತಾವೊಬ್ಬರೇ ಮಲಗುತ್ತಿದ್ದರು. ನಾವು ಗೇಟು ದಾಟಿ ತಿರುಗಿ ನೋಡಿದರೆ ಆ ಉದ್ದ ಜಗಲಿಯಲ್ಲಿ ಒಬ್ಬರೇ...

ಒಮ್ಮೆ ನಾನೇ ಹೇಳಿದೆ, "ಸತ್ತ ಮೇಲೆ ಹೆಂಗೂ ಮಲಗೋದೇ ಅಲ್ವಾ ಮೇಷ್ಟ್ರೇ?"

"ಆವಾಗ ಏಳಾಕ ಬರಂಗಿಲ್ಲವ್ವಾ. ಅದಕ್ಕ ಈಗ ಕಲ್ತ್ಕೊಳ್ಳೋದು," ಎಂದರು, ಕಣ್ಣು ತೆರೆಯದೆ.

ಕೆಲವು ವರ್ಷ ಹೀಗೇ ನಡೆಯಿತು. ಆಮೇಲೆ ಅವರ ಮಂಡಿ ಸೋತಿತು. ಬಳ್ಳಾರಿಯಲ್ಲಿದ್ದ ಮಗಳು ತನ್ನ ಮನೆಗೆ ಕರೆಯುತ್ತಿದ್ದಳು. ಒಂದು ಬೆಳಿಗ್ಗೆ ನನ್ನ ಕಡೆ ತಿರುಗಿ, "ನಾಳಿ ನೀನ ತಗೋ ಕ್ಲಾಸು. ನಾ ಕುಂತು ನೋಡ್ತೀನಿ," ಎಂದರು.

ನಾನು ರಾತ್ರಿಯೆಲ್ಲ ಯೋಚಿಸಿ ಹೊಸ ವ್ಯವಸ್ಥೆ ಮಾಡಿಕೊಂಡು ಹೋದೆ. ಎಲ್ಲರೂ ಎಲ್ಲವನ್ನೂ ಯಾಕೆ ಮಾಡಬೇಕು? ಬೆಲ್ಟಿನವರಿಗೆ ಭುಜ ನೋಯುತ್ತದೆ, ಅವರು ಒಂದು ಸಾಲು, ಭುಜದ ಆಸನ ಅಷ್ಟೇ. ಜಿಪ್ಪಿನವರಿಗೆ ಕತ್ತು, ಅವರು ಇನ್ನೊಂದು ಸಾಲು. ಇಸ್ತ್ರಿ ಹಿಡಿದು ನಿಲ್ಲುವವರಿಗೆ ಮಂಡಿ, ಅವರು ಮೂಲೆಗೆ. ಅವರವರ ಕೆಲಸ ಅವರು ಮಾಡಿದರೆ ಹೊತ್ತೂ ಉಳಿಯುತ್ತದೆ, ಗುಣವೂ ಬೇಗ. ನಮ್ಮ ಯೂನಿಟ್ಟಿನಲ್ಲಿ ಸಾಲು ಹೀಗೇ ಓಡುತ್ತಿತ್ತು, ಚೆನ್ನಾಗಿಯೇ ಓಡುತ್ತಿತ್ತು.

ಬೆಲ್ಟಿನ ಅಕ್ಕ ನಡುವೆಯೇ ಕೈ ಇಳಿಸಿದಳು. "ನನಗ ಬರೇ ಭುಜದ್ದು ಕೊಟ್ಟೀಯಲ್ಲ, ನನ್ನ ಮಂಡಿ ಏನು ಪಕ್ಕದ ಮನೀದೇನು?"

ಸಾಲುಗಳೆಲ್ಲ ನಗೆಯಲ್ಲಿ ಕಲಸಿಹೋದವು. ಮೇಷ್ಟ್ರು ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲ್ಲರೂ ಹೋದ ಮೇಲೆ ಮೆಲ್ಲಗೆ ಹೇಳಿದರು, "ಪ್ಯಾಂಟಾದ್ರ ಕಡೀಕ ಯಾರಾರ ಒಬ್ರು ಜೋಡಸ್ತಾರ. ಇವ್ರನ್ನ ಯಾರು ಜೋಡಸಬೇಕವ್ವಾ?"

"ಆದ್ರೆ ಬೇಗ ಗುಣ ಕಾಣ್ತೈತೆ ಮೇಷ್ಟ್ರೇ."

"ಕಾಣ್ತೈತಿ. ಕಂಡ ಕೂಡ್ಲೇ ಬರೋದು ಬಿಡ್ತಾರ."

ಅದು ನನಗೆ ತಾಕಿತು. ಗಿರಾಕಿ ಬಿಟ್ಟುಹೋಗುವ ಮಾತು ನನಗೆ ತಕ್ಷಣ ಅರ್ಥವಾಗುತ್ತದೆ. ಅವತ್ತೇ ಅವರು, ಈ ಕ್ಲಾಸು ಇನ್ನು ಮುಂದೆ ನೀನು ನಡೆಸುತ್ತೀಯಾ ಎಂದು ನೇರವಾಗಿ ಕೇಳಿದರು: ಚಿಕಿತ್ಸೆಗೆಂದು ಬಳ್ಳಾರಿಗೆ ಹೋಗಿಬರುತ್ತೇನೆ, ಅಲ್ಲಿಯವರೆಗೆ ಜಗಲಿ ನಿನ್ನದು. ಬಂದ ಮೇಲೆ ಒಂದು ಮಾತು ಹೇಳು. ನೀನು ಹೂಂ ಅಂದರೆ ಹೇಳಿಕೊಡುವುದನ್ನು ಪೂರ್ತಿ ಕಲಿಸುತ್ತೇನೆ, ಉಹೂಂ ಅಂದರೆ ಕ್ಲಾಸು ಮುಚ್ಚುತ್ತೇನೆ. "ಫೀ ಇಸ್ಕೋ, ಬ್ಯಾಡ ಅನ್ನಂಗಿಲ್ಲ. ನನಗ ಪೆನ್ಷನ್ ಇತ್ತು, ನಿನಗಿಲ್ಲ. ಆದ್ರ ಕಡೀ ಆಸನಕ್ಕ ನೀ ಒಬ್ಬಾಕೀನ ಆದ್ರೂ ಮಲಗಬೇಕು. ಅದು ಆಗಲಿಲ್ಲಾಂದ್ರ ಮಿಷಿನ್ನ ಚಲೋ."

ಮನೆಯಲ್ಲಿ ಹೇಳಿದಾಗ ನಮ್ಮ ಯಜಮಾನರು ಊಟದ ತಟ್ಟೆಯಿಂದ ತಲೆ ಎತ್ತಲಿಲ್ಲ. "ಪ್ಯಾಂಟಿಗೆ ಗಿರಾಕಿ ಬರ್ತಾರ. ಉಸಿರಿಗೆ ಯಾರು ಬರ್ತಾರ? ಅದು ಎಲ್ಲಾರ ಮೂಗಿನ್ಯಾಗೂ ಪುಕ್ಕಟಿ ಐತಿ." ಕೆಟ್ಟ ಮಾತಲ್ಲ ಅದು. ನಾನೂ ಅದನ್ನೇ ಯೋಚಿಸಿದ್ದೆ. ಅದೇ ವಾರ ವ್ಯಾಪಾರಿ ದಸರಾ ಮಾಲಿನ ಮಾತೆತ್ತಿದ. ನಾನು ಅಲ್ಲಿಯವರೆಗೆ ಕಂಡಿರದಷ್ಟು ದೊಡ್ಡ ಮಾಲು. ಬೆಳಕು ಹರಿಯುವಾಗಲೇ ಮೆಷಿನ್ ಓಡುವುದಾದರೆ ಮಾತ್ರ ಕೊಡುತ್ತೇನೆ ಎಂದ. ಅದೇ ಜಗಲಿಯ ಹೊತ್ತು. ಮೆಷಿನ್ನೋ ಜಗಲಿಯೋ, ಎರಡೂ ಒಂದೇ ಬೆಳಗಿನಲ್ಲಿ ಹಿಡಿಯುವಂತಿರಲಿಲ್ಲ. ನಾಲ್ಕು ದಿನ ಟೈಮು ಕೊಡಿ ಎಂದು ಕೇಳಿ ಬಂದೆ. ಮೇಷ್ಟ್ರು ಆಗಲೇ ಬಳ್ಳಾರಿಗೆ ಹೊರಟಿದ್ದರು.

ದಸರಾ ಸೀಸನ್ ಹತ್ತಿದರೆ ರಾಯದುರ್ಗದಲ್ಲಿ ಯಾರಿಗೂ ಮೈಮೇಲೆ ಖಬರಿರುವುದಿಲ್ಲ. ಜಗಲಿಗೆ ಬರುವವರು ದಿನದಿನಕ್ಕೆ ಕಡಿಮೆಯಾದರು. ನಾಲ್ಕನೆಯ ಬೆಳಿಗ್ಗೆ ನಾನು ಹೋದಾಗ ಒಬ್ಬರೂ ಇರಲಿಲ್ಲ. ಕೋಟೆ ಗುಡ್ಡದ ಮೇಲೆ ಆಗಷ್ಟೇ ಬಿಸಿಲು. ಜಮಖಾನ ಹಾಸಬೇಕೋ ಬೇಡವೋ ಎಂದು ಸುತ್ತಿದ್ದು ಸುತ್ತಿದ ಹಾಗೇ ಹಿಡಿದುಕೊಂಡು ನಿಂತೆ. ಗಿರಾಕಿ ಇಲ್ಲದೆ ಯಾರಾದರೂ ಅಂಗಡಿ ತೆರೆಯುತ್ತಾರೆಯೇ? ಅರ್ಧ ಮಾಡಿ ಹೊರಡೋಣ ಎಂದು ನನ್ನೊಂದಿಗೆ ನಾನೇ ಚೌಕಾಸಿ ಮಾಡಿಕೊಂಡು ಶುರು ಮಾಡಿದೆ. ಅರ್ಧದಲ್ಲಿ ನಿಲ್ಲಿಸಲು ಮನಸ್ಸಾಗಲಿಲ್ಲ. ಪೂರ್ತಿ ಮಾಡಿದೆ. ಆಮೇಲೆ ಮಲಗಿದೆ.

ಅದುವರೆಗೆ ನಾನು ಹಗಲಿನಲ್ಲಿ ಅಂಗಾತ ಮಲಗಿದ್ದು ಬಾಣಂತನದಲ್ಲಿ ಮಾತ್ರ. ಬೀದಿಯಲ್ಲಿ ಮೆಷಿನ್ನುಗಳು ಒಂದೊಂದಾಗಿ ಶುರುವಾಗುವುದು ಕೇಳಿಸುತ್ತಿತ್ತು. ಇದು ಇಂಥವರ ಮನೆಯದು, ಇದರ ಚಕ್ರದ ಬೆಲ್ಟು ಸಡಿಲವಾಗಿದೆ, ಇದಕ್ಕೆ ಎಣ್ಣೆ ಬೇಕು... ಬಲಗಾಲು ತಾನಾಗಿ ಅದುರುತ್ತಿತ್ತು, ತುಳಿಯಲು. ಅದುರಲಿ ಎಂದು ಬಿಟ್ಟೆ. ಎಷ್ಟು ಹೊತ್ತಿಗೋ ಅದು ನಿಂತಿತು. ಬಿಸಿಲು ಪಾದದಿಂದ ಮಂಡಿಗೆ ಏರಿತು. ಏಳಬೇಕು ಅನ್ನಿಸಲಿಲ್ಲ. ನೋವು ಹೋದ ಮೇಲೂ ನಾನು ಯಾಕೆ ಬರುತ್ತಿದ್ದೆ ಎನ್ನುವುದಕ್ಕೆ ಉತ್ತರ ಅಲ್ಲಿ ಸಿಕ್ಕಿತು: ನನ್ನ ದಿನದಲ್ಲಿ ಪೀಸಿನ ಲೆಕ್ಕಕ್ಕೆ ಸಿಗದ ಹೊತ್ತು ಈ ಜಗಲಿಯದೊಂದೇ.

ಅಷ್ಟರಲ್ಲಿ ಯಾರೋ ಭುಜ ಹಿಡಿದು ಅಲ್ಲಾಡಿಸಿದರು. "ಯವ್ವಾ, ಏನಾತು ಈಕಿಗೆ?" ಬೆಲ್ಟಿನ ಅಕ್ಕ. ನಾನು ಇನ್ನೂ ಯೂನಿಟ್ಟಿಗೆ ಬರಲಿಲ್ಲವೆಂದು ಹುಡುಕಿಕೊಂಡು ಬಂದಿದ್ದಳು.

"ಏನೂ ಆಗಿಲ್ಲ ಕಣಕ್ಕ. ಶವಾಸನ. ನೀನೂ ಮಲಕ್ಕೋ."

ಅವಳು ಬೀದಿ ಕಡೆ ನೋಡಿದಳು, ನನ್ನ ಕಡೆ ನೋಡಿದಳು. "ಐದ ನಿಮಿಷ ಅಷ್ಟ," ಎಂದು ಮಲಗಿದವಳು ಗೊರಕೆ ಹೊಡೆಯತೊಡಗಿದಳು. ನನ್ನ ಮೊದಲ ಶಿಷ್ಯೆ ಅವಳೇ.

ಅವತ್ತೇ ವ್ಯಾಪಾರಿಯ ಹತ್ತಿರ ಹೋಗಿ ಅರ್ಧ ಮಾಲು ಸಾಕು, ಎಂಟೂವರೆಗೆ ಮೆಷಿನ್ ಶುರು ಎಂದೆ. ಯಾವಾಗಲೂ ಹೆಚ್ಚು ಮಾಲೇ ಬೇಡುತ್ತಿದ್ದ ನನ್ನ ಬಾಯಲ್ಲಿ ಇದನ್ನು ಕೇಳಿ ಅವನು ಗಾಬರಿಯಾಗಿ ಕೊಟ್ಟೇಬಿಟ್ಟ.

ಮೇಷ್ಟ್ರು ಕೋಲೂರಿಕೊಂಡು ವಾಪಸು ಬಂದರು. ನಾನು ಹೂಂ ಎಂದೆ. ಮೆಟ್ಟಿಲ ಮೇಲೆ ಕೂತು ನನ್ನ ಕ್ಲಾಸು ನೋಡಿದರು. ಕೊನೆಯ ಆಸನಕ್ಕೆ ಐದಾರು ಜನ ಉಳಿದರು. ಅವರು ಹೊಗಳುತ್ತಾರೆ ಎಂದು ಕಾದೆ.

"ಮಂದಿ ಬೆನ್ನ ನೋಡೋವಾಗ ನಿನ್ನ ಬೆನ್ನು ಬಗ್ಗತೈತಿ ನೋಡು. ಇನ್ನೊಮ್ಮಿ ನಿಂದ್ರು," ಎಂದರು ಅಷ್ಟೇ.

ಮುಂದಿನ ಯುಗಾದಿಯವರೆಗೆ ದಿನವೂ ಕಲಿಸಿದರು, ದಿನವೂ ಬೈದರು. ಆಮೇಲೆ ಮಗಳ ಮನೆಗೆ ಹೊರಟರು. ಬಸ್ಸಿನ ಕಿಟಕಿಯಿಂದಲೂ ನನಗೆ ಭುಜ ಇಳಿಸು ಎಂದು ಕೈಸನ್ನೆ ಮಾಡಿದ್ದು ನೆನಪಿದೆ. ಅವರು ತೀರಿಹೋದರೆಂಬ ಸುದ್ದಿ ಬಳ್ಳಾರಿಯಿಂದ ನಮಗೆ ತಲುಪುವಷ್ಟರಲ್ಲಿ ಹನ್ನೊಂದನೆಯ ದಿನವೂ ಕಳೆದಿತ್ತು...

ಈಗ ಆ ಜಗಲಿ ಇಲ್ಲ, ಶಾಲೆಗೆ ಹೊಸ ಕಟ್ಟಡ ಬಂದಿದೆ. ನನ್ನ ಕ್ಲಾಸು ಕಲ್ಯಾಣ ಮಂಟಪದ ಮಹಡಿಯಲ್ಲಿ ನಡೆಯುತ್ತದೆ, ಚೆನ್ನಾಗಿಯೇ ನಡೆಯುತ್ತದೆ. ಆರುನೂರರ ಜಮಖಾನವೂ ಅಲ್ಲಿಗೇ. ತಿಂಗಳಿಗೊಮ್ಮೆ ಮಡಕಶಿರಕ್ಕೂ ಹೋಗಿ ಹೇಳಿಕೊಟ್ಟು ಬರುತ್ತೇನೆ. ಮೆಷಿನ್ನುಗಳನ್ನು ಯಜಮಾನರು ನೋಡಿಕೊಳ್ಳುತ್ತಾರೆ. ಉಸಿರಿಗೂ ಗಿರಾಕಿ ಇದ್ದಾರೆಂದು ಈಗ ಅವರೇ ನಾಲ್ಕು ಜನಕ್ಕೆ ಹೇಳುತ್ತಾರೆ. ನಾನು ಎಲ್ಲರ ಬೆನ್ನು ನೋಡುತ್ತೇನೆ. ನನ್ನ ಬೆನ್ನು ನೋಡುವವರು ಇಲ್ಲ. ಬಗ್ಗಿದೆಯೋ ನೆಟ್ಟಗಿದೆಯೋ, ಕನ್ನಡಿ ಅಷ್ಟೆಲ್ಲ ಹೇಳುವುದಿಲ್ಲ.

ಯೋಗ ಟೀಚರ್ ಆಗಲೋ ಬೇಡವೋ ಎಂದು ನನ್ನನ್ನು ಕೇಳಿಕೊಂಡು ಬರುವವರು ಬಹಳ ಜನ. ನಿಮಗೂ ಅದೇ ಹೇಳುತ್ತೇನೆ. ಇರುವ ಕೆಲಸವನ್ನು ಒಮ್ಮೆಗೇ ಬಿಡಬೇಡಿ, ಅರ್ಧ ಇಳಿಸಿ ನೋಡಿ. ಫೀ ಎಷ್ಟೆಂದು ಮೊದಲ ದಿನವೇ ಹೇಳಿ, ಆಮೇಲೆ ಹೇಳಲು ನಾಲಿಗೆ ಏಳುವುದಿಲ್ಲ. ಯಾರ ಕೈಕಾಲನ್ನೂ ಹಿಡಿದು ಎಳೆಯಬೇಡಿ. ಯಾರೂ ಬಾರದ ದಿನ ಪೂರ್ತಿ ಮಾಡಿ ನೋಡಿ, ಬೇಸರ ಬಂದರೆ ಮನೆಗೆ ಹೋಗಿ, ಅದರಲ್ಲಿ ಅವಮಾನ ಏನಿಲ್ಲ. ಇನ್ನು, ನಿಮಗೆ ಕಲಿಸಿದವರು ಬದುಕಿದ್ದರೆ ಈ ವಾರವೇ ಬಸ್ಸು ಹತ್ತಿ. ಹಣ್ಣುಹಂಪಲು ಆಮೇಲೆ ಕೊಡಿ, ಮೊದಲು ಅವರ ಮುಂದೆ ಬೆನ್ನು ಮಾಡಿ ನಿಂತು ತಪ್ಪು ಹೇಳಿಸಿಕೊಳ್ಳಿ.