ಮೈಮೇಲೆ ಬಿದ್ದವರು ಯಾರು?

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬ್ಯಾಸ್ಕೆಟ್‌ಬಾಲ್ ಅಂಕಣದಲ್ಲಿ ನಡುವಯಸ್ಸಿನ ಗಂಡಸೊಬ್ಬರು ದಪ್ಪ ದಿಂಬನ್ನು ಎದೆಗವಚಿಕೊಂಡು ಅಲುಗಾಡದೆ ನಿಂತಿದ್ದಾರೆ. ಅವರ ಮಗಳು ಚೆಂಡು ಪುಟಿಸುತ್ತ ಓಡಿಬಂದು ಭುಜದಿಂದ ಗುದ್ದುತ್ತಾಳೆ. ದಿಂಬು, ಅಪ್ಪ ಎರಡೂ ನೆಲಕ್ಕೆ. ಪಕ್ಕದಲ್ಲೇ ಬಗ್ಗಿ ನೋಡುತ್ತಿದ್ದ ಅಮ್ಮ ಸೀಟಿ ಊದುತ್ತಾರೆ. "ರೀ, ನೀವು ಮೊದಲೇ ಕಾಲೂರಿ ನಿಂತಿದ್ರಿ. ಫೌಲ್ ಅವಳದ್ದೇ."

"ಬಸ್ಸಲ್ಲಿ ಹೀಗೆ ಗುದ್ದಿದ್ರೆ ಸಾರಿ ಅಂತಾದ್ರೂ ಅಂತಾರೆ. ಇಲ್ಲಿ ಅದೂ ಇಲ್ಲ," ಎಂದು ಮೈ ಕೊಡವಿಕೊಂಡು ಏಳುತ್ತಾರೆ ಯಜಮಾನರು. ಅವರು ಬಸ್ ಚಾಲಕರು. ಇನ್ನು ಸ್ವಲ್ಪ ಹೊತ್ತಿಗೆ ಡ್ಯೂಟಿಗೆ ಹೋಗಬೇಕು.

ಆಟಗಾರರ ಬಾಯಲ್ಲಿ 'ಸೀಟಿ ಅಕ್ಕ' ಆಗಿರುವ ಈ ಅಮ್ಮ ಬ್ಯಾಸ್ಕೆಟ್‌ಬಾಲ್ ರೆಫರಿ; ಹೊಟ್ಟೆಪಾಡು ಕನ್ನಡಕದ ಅಂಗಡಿಯಲ್ಲಿ. ವಾರವಿಡೀ ಗಾಜು ಉಜ್ಜಿ ಫ್ರೇಮಿಗೆ ಕೂರಿಸುತ್ತಾರೆ, ರಜಾದಿನ ಪಂದ್ಯಕ್ಕೆ ಓಡುತ್ತಾರೆ. "ಜನ 'ಕನ್ನಡಕ ಹಾಕ್ಕೊಳ್ಳಮ್ಮಾ' ಅಂತ ಕೂಗ್ತಾರೆ. ಅಂಗಡಿ ವಿಳಾಸ ಕೊಟ್ಟುಬಿಡೋಣ ಅನ್ಸುತ್ತೆ," ಎಂದು ನಗುತ್ತಾರೆ.

ಹರೆಯದಲ್ಲಿ ಅವರೂ ಆಡುತ್ತಿದ್ದರು. ಎದುರಾಳಿಗೆ ಅಡ್ಡ ನಿಲ್ಲುವುದು ಅವರ ಕೆಲಸ. ಚೆಂಡು ಹಿಡಿದು ನುಗ್ಗುವವರು ಬೇಕೆಂದೇ ಮೈಗೆ ಮೈ ತಾಗಿಸಿ, ಅಯ್ಯೋ ಎಂದು ಚೀರಿ, ಯಾರ ಅಡ್ಡಿಯೂ ಇಲ್ಲದೆ ಬುಟ್ಟಿಗೆ ಎಸೆಯುವ ಫ್ರೀ ಥ್ರೋ ಗಿಟ್ಟಿಸಿಕೊಳ್ಳುತ್ತಿದ್ದರು. ಮೈಯೆಲ್ಲ ಬಾಸುಂಡೆ ಎದ್ದರೂ ಫೌಲ್ ಮಾತ್ರ ಇವರ ತಲೆಗೆ. "ಸುಮ್ನೆ ನಿಂತೋರದ್ದೂ ಒಂದು ಜಾಗ ಅಂತ ಇರುತ್ತಲ್ವಾ? ಅದಕ್ಕೇ ಸೀಟಿ ಹಿಡಿದೆ. ಚೆಂಡನ್ನ ನೋಡೋಕೆ ಊರೆಲ್ಲ ಇದೆ. ನಾನು ನೋಡೋದು ಅಡ್ಡ ನಿಂತೋರ ಪಾದ, ಎದೆ."

ಕಳೆದ ವರ್ಷದ ಫೈನಲ್ ಮಾತ್ರ ಅವರ ನಿದ್ದೆ ಕೆಡಿಸಿತ್ತು. ಆಟ ಮುಗಿಯಲು ಕಣ್ಣು ಮಿಟುಕಿಸುವಷ್ಟು ಹೊತ್ತು ಬಾಕಿ. ಆತಿಥೇಯ ತಂಡದ ನಾಯಕ ನುಗ್ಗಿ ಹಾರಿದ. ಅಡ್ಡ ನಿಂತಿದ್ದ ಎದುರಾಳಿಗೆ ಡಿಕ್ಕಿಯಾಗಿ ಇಬ್ಬರೂ ಬಿದ್ದರು, ಚೆಂಡು ಬುಟ್ಟಿಯೊಳಗೆ ಇಳಿಯಿತು. ಜನ ಕುಣಿಯುವಷ್ಟರಲ್ಲಿ ಅಕ್ಕ ಮುಷ್ಟಿಯಿಂದ ಅಂಗೈಗೆ ಬಡಿದು, ಫೌಲ್ ಹಾರಿದವನದ್ದೇ ಎಂದು ತೋರಿಸಿದರು. ಅಂಕ ರದ್ದಾಯಿತು, ಆತಿಥೇಯರು ಸೋತರು. ಅಕ್ಕ ಕ್ರೀಡಾಂಗಣದ ಹಿಂಬಾಗಿಲಿನಿಂದ ಹೊರಬಿದ್ದು ಮನೆ ಸೇರಬೇಕಾಯಿತು.

ಸೋತ ತಂಡದಿಂದ ಬ್ಯಾಸ್ಕೆಟ್‌ಬಾಲ್ ಸಂಘಕ್ಕೆ ದೂರು ಹೋಯಿತು. ವಿಚಾರಣೆ ಮುಗಿಯುವ ತನಕ ಅವರಿಗೆ ಪಂದ್ಯವಿಲ್ಲ. ವಿಡಿಯೋದಲ್ಲಿ ಇನ್ನೊಬ್ಬ ಆಟಗಾರನ ಬೆನ್ನು ಅಡ್ಡ ಬಂದು, ಡಿಕ್ಕಿಯೇ ಕಾಣುವುದಿಲ್ಲ. ಕೊನೆಗೆ 'ತಪ್ಪು ಸಾಬೀತಾಗಿಲ್ಲ' ಎಂದು ಬಿಟ್ಟರು.

"ಅವರೇ ಬಿಟ್ಟಿದ್ದಾರೆ, ನೀನ್ಯಾಕೆ ಹಿಡ್ಕೊಂಡು ಕೂತಿದ್ದೀಯ?" ಎಂದರು ಯಜಮಾನರು.

"ಸಾಬೀತಾಗಿಲ್ಲ ಅಂದ್ರೆ ಸರಿ ಅಂತ ಅಲ್ಲವಲ್ಲಾ. ಅಡ್ಡ ನಿಂತವನು ಕೊನೇ ಗಳಿಗೇಲಿ ಸರಿದಿದ್ರೆ? ನಾನೇ ಸೋಲಿಸಿದ ಹಾಗಲ್ವಾ?" ಪಂದ್ಯಗಳು ಮತ್ತೆ ಸಿಕ್ಕರೂ ಸೀಟಿ ಬಾಯಿಗಿಟ್ಟಾಗಲೆಲ್ಲ ಇದೇ ಯೋಚನೆ.

ಹಾಗಿರುವಾಗ ಒಂದು ಮಧ್ಯಾಹ್ನ ಆ ನಾಯಕನೇ ತಾಯಿಯನ್ನು ಕರೆದುಕೊಂಡು ಕನ್ನಡಕ ಮಾಡಿಸಲು ಬಂದ. ಕೌಂಟರಿನ ಹಿಂದೆ ಅಕ್ಕನನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟ. ಅಕ್ಕ ತಾಯಿಯ ಮೂಗಿನ ಅಳತೆ ತೆಗೆದುಕೊಂಡರು. ಆಮೇಲೆ ಅವನೇ ಹತ್ತಿರ ಬಂದ.

"ಅಕ್ಕ, ಅವತ್ತು ಅವನು ಅಲುಗಾಡ್ಲೇ ಇಲ್ಲ. ನಾನೇ ಹೋಗಿ ಮೈಮೇಲೆ ಬಿದ್ದೆ. ಬುಟ್ಟಿಗೆ ಬೀಳ್ದಿದ್ರೂ ಫ್ರೀ ಥ್ರೋ ಸಿಗ್ಲಿ ಅಂತ."

ಅಕ್ಕ ಅಳತೆಪಟ್ಟಿ ಕೆಳಗಿಟ್ಟು ಕಣ್ಣೊರೆಸಿಕೊಂಡರು. ತಾಯಿ ಮಗನತ್ತ ತಿರುಗಿದರು. "ಇಷ್ಟು ದಿನ ಬೇಕಾಯ್ತೇನೋ ಇದನ್ನ ಹೇಳೋಕೆ? ಪಾಪ, ನಾನು ಇವರಿಗೆ ಎಷ್ಟು ಶಾಪ ಹಾಕಿದ್ದೀನೋ!"

"ಹೋಗ್ಲಿ ಬಿಡಿ ಅಮ್ಮ," ಎಂದರಂತೆ ಅಕ್ಕ, ಅಳುತ್ತಲೇ ನಗುತ್ತ. "ಯಾವುದೂ ತಟ್ಟಿಲ್ಲ."

ಆ ಸಂಜೆಯನ್ನು ಯಜಮಾನರು ಮರೆತಿಲ್ಲ. "ತಿಂಗಳುಗಟ್ಟಲೆ ಮನೇಲಿ ಇವಳ ರೇಡಿಯೋ ಕೆಟ್ಟಿತ್ತು. ಅವತ್ತು ಬಾಗಿಲಿಂದಲೇ ಶುರುವಾಯ್ತು ನೋಡಿ, ಊಟ ಮುಗಿದ್ರೂ ನಿಲ್ಲಲಿಲ್ಲ." ಫೈನಲ್ ಆದಮೇಲೆ ಅಕ್ಕ ಬೆಳಗಾಗುವವರೆಗೂ ಮಗ್ಗುಲು ಬದಲಿಸದೆ ನಿದ್ದೆ ಮಾಡಿದ್ದು ಆ ರಾತ್ರಿಯೇ ಮೊದಲು.

ಈಗ ಅಂಕಣದ ಮೇಲೆ ಬಿಸಿಲು ಬಿದ್ದಿದೆ. ಮಗಳು ಚೀಲ ಕಟ್ಟುತ್ತಿದ್ದಾಳೆ. ಇನ್ನೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಅಕ್ಕ ಶೂ ದಾರ ಬಿಚ್ಚುತ್ತ ಯೋಚಿಸುತ್ತಾರೆ.

"ಮೊಣಕಾಲು ಕೈಕೊಡದಿದ್ರೆ ಸಾಕು. ನುಗ್ಗೋರ ಜೊತೆ ನಾನೂ ಓಡ್ಬೇಕಲ್ಲ. ದೂರದಲ್ಲಿ ನಿಂತು ಅಂದಾಜಿನ ಮೇಲೆ ಇವತ್ತಿನವರೆಗೂ ಸೀಟಿ ಊದಿಲ್ಲ."