ಧಾರೆ ಎರೆದ ಅತ್ತೆ

"ಧಾರೆ ನಾನ್ ಎರೀತೀನಿ. ಮಗ ಹೋದ್ಮೇಲೆ ಇವ್ಳೇ ನನ್ ಮಗಳು ಕಣ್ರೀ," ಎಂದು ಅತ್ತೆ ಹೇಳಿದಾಗ ಪುರೋಹಿತರು ಬರೆಯುವುದನ್ನು ನಿಲ್ಲಿಸಿದರು.

ವಿದ್ಯಾರಣ್ಯಪುರದ ಮನೆಯಲ್ಲಿ ನನ್ನ ಎರಡನೇ ಮದುವೆಯ ಮಾತುಕತೆ ನಡೆದಿತ್ತು. ಹೆತ್ತವರಿಲ್ಲದ ನನ್ನನ್ನು ಧಾರೆ ಎರೆದುಕೊಡಲು ಮುಂದೆ ಬಂದವರು, ತೀರಿಕೊಂಡ ನನ್ನ ಗಂಡನ ತಾಯಿ. ವಿಧವೆಯರು ಎರೆಯುವ ಪದ್ಧತಿಯಿಲ್ಲವೆಂದು ಪುರೋಹಿತರು ಮೆಲ್ಲಗೆ ಅಂದರು. ಅತ್ತೆಯ ಮುಖ ಬಾಡಿತು.

ನನ್ನನ್ನು ಮದುವೆಯಾಗಲಿದ್ದವರ ಒಂಬತ್ತು ವರ್ಷದ ಮಗಳು ಎದ್ದುಬಂದು ಅತ್ತೆಯ ಕೈ ಹಿಡಿದಳು. "ಅಜ್ಜಿ, ಚೊಂಬು ಭಾರ ಇರತ್ತಾ? ನಾನೂ ಹಿಡ್ಕೋತೀನಿ."

ಪುರೋಹಿತರು ಅವರಿಬ್ಬರನ್ನೂ ನೋಡಿ, ಅತ್ತೆಯ ಹೆಸರನ್ನೇ ಬರೆದುಕೊಂಡರು.

ಮದುವೆಯಲ್ಲಿ ಇಬ್ಬರೂ ಸೇರಿಯೇ ಧಾರೆ ಎರೆದರು. ಆ ಹುಡುಗಿ ನನ್ನನ್ನು ಈಗಲೂ ಆಂಟಿ ಎನ್ನುತ್ತಾಳೆ. ನನಗೇನೂ ಅವಸರವಿಲ್ಲ, ಅವಳಿಗೆ ಅಜ್ಜಿಯಂತೂ ಸಿಕ್ಕಾಗಿದೆ.