ಹಿಮದ ಕೆರೆಯ ದಂಡೆಯಲ್ಲಿ ಅಕ್ಕ ಕಾಣಲಿಲ್ಲ

‘ನಿಮ್ಮಕ್ಕ ಎಲ್ರೀ?’

ಹೆಂಡತಿ ಕೇಳಿದ್ದೇ ತಡ, ಬಾಯಿಗಿಟ್ಟಿದ್ದ ಚಕ್ಕುಲಿ ಅಲ್ಲೇ ನಿಂತಿತು. ನಾವಿದ್ದದ್ದು ಹಿಮಾಲಯದ ಒಂದು ರಾಷ್ಟ್ರೀಯ ಉದ್ಯಾನದಲ್ಲಿ, ಹಿಮ ಕರಗಿ ತುಂಬಿದ ಕೆರೆಯ ದಂಡೆ ಮೇಲೆ. ನೀಲಿ ನೀರು, ಬಿಳಿ ಬೆಟ್ಟ, ಟೆಂಟ್ ಹಾಕುವವರು, ಸೆಲ್ಫಿ ತೆಗೆಯುವವರು, ಎಲ್ಲ ಇತ್ತು. ಅಕ್ಕ ಮಾತ್ರ ಇರಲಿಲ್ಲ.

ನಾನು ಹೆದರುಪುಕ್ಕಲ ಎಂಬುದು ಮನೆಯವರಿಗೆಲ್ಲ ಗೊತ್ತು. ಈ ಟ್ರಿಪ್ಪಿಗೆ ಪ್ರಾಕ್ಟೀಸ್ ಅಂತ ನಮ್ಮೂರ ಕಡೆಯ ಕಳವಾರ ಹಳ್ಳಿಯಿಂದ ಸ್ಕಂದಗಿರಿ ಬೆಟ್ಟ ಹತ್ತಲು ಹೋಗಿ, ಅರ್ಧಕ್ಕೇ ಎದೆ ಹಿಡಿದುಕೊಂಡು ಇಳಿದವನು. (ಗ್ಯಾಸ್ ಅಂದರು ಡಾಕ್ಟರು.) ಅಕ್ಕನೋ, ಮಂಡಿಕಲ್ ಕಡೆ ಹೊಲ ಮಾಡಿಕೊಂಡಿರುವವಳು. ಅರವತ್ತು ದಾಟಿದೆ. ಸೀರೆ ಮೇಲೆ ಸ್ವೆಟರ್, ಕಾಲಿಗೆ ಕ್ಯಾನ್ವಾಸ್ ಶೂ. ದಾರಿಯುದ್ದಕ್ಕೂ ನನಗಿಂತ ಮುಂದೆ. ಭಾವ ಬೇಡವೆಂದಿದ್ದರು. ‘ಅಕ್ಕ ನನ್ನ ಜವಾಬ್ದಾರಿ’ ಎಂದು ಒಪ್ಪಿಸಿ ಕರೆತಂದವನು ನಾನೇ.

ಅಷ್ಟರಲ್ಲಿ ಮಂಜು ಇಳಿಯಿತು. ಎದುರು ದಂಡೆ ಮಾಯ. ‘ಅಕ್ಕಾ’ ಎಂದು ಕೂಗಿದೆ. ಬೆಟ್ಟ ಅದನ್ನೇ ವಾಪಸ್ ಕಳಿಸಿತು. ಆ ನೀರಿಗೆ ಬಿದ್ದರೆ ಚಳಿಗೇ ಕೈಕಾಲು ಸೆಟೆದುಕೊಳ್ಳುತ್ತವೆ ಎಂದು ಗೈಡ್ ಬೆಳಿಗ್ಗೆಯಷ್ಟೇ ಹೇಳಿದ್ದ. ಭಾವನಿಗೆ ಏನೆಂದು ಫೋನ್ ಮಾಡಲಿ? (ಸಿಗ್ನಲ್ ಇರಲಿಲ್ಲ. ಆಗ ನನಗಿದ್ದ ಸಮಾಧಾನ ಅದೊಂದೇ.)

ಜಾರಿದಳೇ? ಉಸಿರು ಕಟ್ಟಿತೇ? ಕರಡಿಯೇ? ನಾನು ಕರಡಿಯವರೆಗೆ ಬರುವಷ್ಟರಲ್ಲಿ ಹೆಂಡತಿ ಎಂದಳು: ‘ರೀ, ಅತ್ತಿಗೆ ಕೋಡಿ ನೋಡಕ್ಕೆ ಹೋಗಿರ್ತಾರೆ.’

ಹೌದಲ್ಲ! ತುಂಬಿದ ಕೆರೆ ಕಂಡರೆ ನಮ್ಮ ಕಡೆಯವರು ಕೆರೆ ನೋಡುತ್ತಾ ನಿಲ್ಲುತ್ತಾರೆಯೇ? ಹೆಚ್ಚಾದ ನೀರು ಹೊರಗೆ ಬೀಳುವ ಕೋಡಿಗೆ ಓಡುತ್ತಾರೆ. ಕೆರೆ ಕೋಡಿ ಬಿತ್ತು ಅಂದರೆ ಸಾಕು, ಚಿಂತಾಮಣಿಯಿಂದ ಗೌರಿಬಿದನೂರಿನವರೆಗೆ ಅಂಗಡಿ ಬಾಗಿಲು ಹಾಕಿ ಬೈಕ್ ಹತ್ತುವ ಜನ ನಾವು. ಚಿಂತೆ ಮಾಡುವವರ ಕಷ್ಟವೇ ಇದು. ನಮ್ಮವರಿಗೆ ಏನೇನಾಗಬಹುದು ಎಂದು ನೂರು ಊಹಿಸುತ್ತೇವೆ. ಅವರು ಎಂಥವರು ಎಂಬುದೇ ಮರೆತಿರುತ್ತದೆ.

ಗೈಡನ್ನು ಕರೆದುಕೊಂಡು, ಬಂಡೆ ಹಿಡಿದು ತೆವಳುತ್ತಾ ದಂಡೆ ಸುತ್ತಿದೆವು. ಕೆರೆಯ ನೀರು ಹಳ್ಳವಾಗಿ ಇಳಿಯುವ ಜಾಗದಲ್ಲಿ ಅಕ್ಕ ಆರಾಮಾಗಿ ಕೂತಿದ್ದಳು.

‘ಬಾರೋ ನಾಯನಾ, ನೋಡಿಲ್ಲಿ! ಹೆಂಗೆ ಹೋಗ್ತೈತೆ ನೀರು! ತೂಬಿಲ್ಲ, ಕಟ್ಟೆ ಇಲ್ಲ. ಯಾರಪ್ಪಾ ಕಟ್ಸಿದ್ದು ಈ ಕೆರೆನ?’

ಹಿಮವೇ ಕಲ್ಲುಮಣ್ಣು ತಳ್ಳಿ ತಂದು ಒಡ್ಡು ಹಾಕಿದೆ ಎಂದ ಗೈಡ್. ಹೆಂಡತಿ ಅದನ್ನು ಕನ್ನಡದಲ್ಲಿ ಹೇಳಿದಳು. ಅಕ್ಕ ಒಪ್ಪಲಿಲ್ಲ. ‘ಸುಮ್ನಿರಮ್ಮಾ. ಹೂಳು ತೆಗೆಯೋರಾದ್ರೂ ಯಾರೋ ಇರ್ತಾರೆ.’

‘ಒಂದು ಮಾತು ಹೇಳಿ ಬರಬಾರದೇನೇ?’ ಎಂದು ರೇಗಿದೆ.

‘ಕೋಡಿಗೆ ಹೋಗಕ್ಕೆ ಹೇಳಿ ಬರ್ತಾರೇನೋ? ನೀನೇ ಹಿಂದೆ ಬರ್ತೀಯ ಅಂದ್ಕೊಂಡೆ. ಅಯ್ಯೋ, ಯಾಕೋ ಅಳ್ತಿದ್ದೀಯ?’

‘ಗಾಳಿಗೆ’ ಎಂದೆ.

ಅಲ್ಲಿಯವರೆಗೆ ಬಿಗಿಹಿಡಿದಿದ್ದ ಉಸಿರು ಬಿಟ್ಟೆ ನೋಡಿ, ಕಾಲೆರಡೂ ಕೈಕೊಟ್ಟವು. ಕಳೆದುಹೋಗಿದ್ದವಳು ಅಕ್ಕ; ಗೈಡ್ ಕೈ ಹಿಡಿದು ಬೆಟ್ಟ ಇಳಿಸಿದ್ದು ಮಾತ್ರ ನನ್ನನ್ನು!